ಕೊರ್ಟ್ರೈಕಿನ ಬಟ್ಟೆಯ ಮೇಲೆ ದೊಡ್ಡಾಯಿ

ಬ್ರಸೆಲ್ಸ್

ಬ್ರಸೆಲ್ಸಿನ ರೈಲು ನಿಲ್ದಾಣದಲ್ಲಿ ನಮ್ಮ ಕಣ್ಣೆದುರಿಗೇ ನಮ್ಮ ರೈಲು ಬಂದು, ನಿಂತು, ಜನರನ್ನು ಹತ್ತಿಸಿಕೊಂಡು ಹೊರಟುಹೋಯಿತು. ನಾವಿಬ್ಬರೂ ಪೆಟ್ಟಿಗೆಗಳ ಮೇಲೆ ಕೈಯಿಟ್ಟು ಅದನ್ನು ನೋಡುತ್ತ ನಿಂತಿದ್ದೆವು. ನಾವು ಹೋಗಬೇಕಾದ ಊರು ಕೊರ್ಟ್ರೈಕ್. ಹಲಗೆಯಲ್ಲಿ ಕಂಡದ್ದು ಕುರ್ತ್ರೆ. ಆ ದೇಶದಲ್ಲಿ ಎರಡು ಭಾಷೆಯವರಿಗೂ ಸಮಾಧಾನವಾಗಲೆಂದು ಒಂದೇ ಊರನ್ನು ಎರಡು ಹೆಸರಿನಿಂದ ಕರೆಯುತ್ತಾರೆ. ರಾಜಧಾನಿಯ ಹಲಗೆಯಲ್ಲಿ ಆ ಎರಡು ಹೆಸರೂ ಒಂದಾದ ಮೇಲೊಂದು ಮೂಡುತ್ತವೆ. ನಾನು ತಲೆಯೆತ್ತಿದಾಗಲೆಲ್ಲ ನನಗೆ ಗೊತ್ತಿಲ್ಲದ ಆ ಇನ್ನೊಂದು ಹೆಸರೇ ಇರುತ್ತಿತ್ತು.

“ಅದು ನಮ್ಮ ರೈಲಲ್ಲ ಹೇಳಿ ನೀನೇ ಹೇಳಿದ್ದೆ,” ಎಂದಳು ದೊಡ್ಡಾಯಿ.

“ಹೌದು, ಹೇಳಿದ್ದೆ.”

“ಒಂದೂರಿಗೆ ಎರಡು ಹೆಸರು ಎಂತಕ್ಕೆ?”

“ಎರಡು ಭಾಷೆ ಮಾತಾಡ್ತ ಇಲ್ಲಿ.”

“ನಮ್ಮಲ್ಲಿ ನಾಲ್ಕು ಮಾತಾಡ್ತ. ಹಾಂಗೆ ಹೇಳಿ ಶಿರಸಿಗೆ ನಾಲ್ಕು ಹೆಸರಿದ್ದಾ?”

ದೊಡ್ಡಾಯಿ ಎಂದರೆ ನನ್ನ ತಾಯಿಯ ಅಕ್ಕ, ಹೆಸರು ಭವಾನಿ. ಅರವತ್ತು ದಾಟಿದವಳು, ಯಲ್ಲಾಪುರದ ಹೊರಗಿನ ಒಂದು ಕೇರಿಯವಳು. ಅದುವರೆಗೆ ಅವಳು ಕಂಡ ಅತ್ಯಂತ ದೂರದ ಊರು ಧಾರವಾಡ. ಸೀರೆಯ ಮೇಲೆ ಗಂಡಸರ ಸ್ವೆಟರು, ಕಾಲಿಗೆ ಕಾಲುಚೀಲ, ಅದರ ಮೇಲೆ ಹವಾಯಿ ಚಪ್ಪಲಿ. ಹೋಗಿ ಬರುವವರೆಲ್ಲ ಅವಳ ಕಾಲನ್ನು ನೋಡುತ್ತಿದ್ದರು. ಅವಳೋ ಅವರ ನಾಯಿಗಳನ್ನು ನೋಡುತ್ತಿದ್ದಳು. “ನಾಯಿಗೂ ರೈಲು ಹತ್ತಲೆ ಬತ್ತು, ನಮಗೆ ಬತ್ತಿಲ್ಲೆ,” ಎಂದಳು.

ಮುಂದಿನ ರೈಲು ಬಂದಾಗ ಯಾವ ಹೆಸರಿದೆಯೆಂದು ನೋಡುವ ಗೋಜಿಗೆ ಹೋಗದೆ ಹತ್ತಿ ಕುಳಿತೆವು. ದೊಡ್ಡಾಯಿ ಕುಳಿತಲ್ಲಿ ಕೂರಲಿಲ್ಲ. ಕಿಟಕಿಗೆ ಹೋದಳು, ಬಾಗಿಲಿಗೆ ಹೋದಳು, ಪೆಟ್ಟಿಗೆ ಇದೆಯೇ ಎಂದು ಮತ್ತೆ ಮತ್ತೆ ಮುಟ್ಟಿ ನೋಡಿದಳು. ಬೋಗಿಯಲ್ಲಿ ಅಷ್ಟು ಜನ ಇದ್ದರೂ ಯಾರೂ ಮಾತಾಡುತ್ತಿರಲಿಲ್ಲ. ಶಿರಸಿ ಬಸ್ಸಿನಲ್ಲಿ ಅಷ್ಟು ಹೊತ್ತು ಕೂತಿದ್ದರೆ ಪಕ್ಕದವರ ಮೂರು ತಲೆಮಾರು ಗೊತ್ತಾಗಿರುತ್ತಿತ್ತು.

“ಇಲ್ಲಿ ಯಾರಾದ್ರೂ ಸತ್ತಿದ್ವಾ?” ಎಂದು ಅವಳು ನನ್ನ ಕಿವಿಯಲ್ಲಿ ಕೇಳಿದಳು.

ಸಿದ್ದಾಪುರ, ಹೊರಡುವ ಮೊದಲು

ನಾವು ಅಷ್ಟು ದೂರ ಹೋದದ್ದು ಒಂದು ಚಿತ್ರಕಾದಂಬರಿಯ ದೆಸೆಯಿಂದ. ನಾನು ಸಿದ್ದಾಪುರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು. ಮಕ್ಕಳಿಗೆ ಹೂಜಿ, ಬಾಳೆಹಣ್ಣು ಬರೆಯಲು ಹೇಳಿಕೊಟ್ಟು ಮಿಕ್ಕ ಹೊತ್ತಿನಲ್ಲಿ ನನಗೆ ಬೇಕಾದ್ದನ್ನು ಬರೆಯುತ್ತಿದ್ದೆ. ಚೌಕ ಚೌಕ ಮಾಡಿ, ಒಂದೊಂದು ಚೌಕದಲ್ಲಿ ಒಂದೊಂದು ಚಿತ್ರ, ಬಾಯಿಂದ ಹೊರಟ ಗುಳ್ಳೆಯಲ್ಲಿ ಮಾತು. ಮಕ್ಕಳ ಪತ್ರಿಕೆಗಳಲ್ಲಿ ಹೀಗೆ ರಾಜರ ಕತೆ ಬರುತ್ತದೆ. ನಾನು ಬರೆದದ್ದು ನಮ್ಮ ಮೂರು ತಾಲೂಕಿನ ಮೂವರ ಕತೆ. ಮೂವರೂ ಒಳ್ಳೆಯವರೇ. ಮೂವರಲ್ಲೂ ಒಂದೊಂದು ದೋಷ, ಆ ದೋಷವೇ ಅವರ ಮನೆ ಮುರಿಯಿತು.

ಶಿರಸಿಯದು ಒಬ್ಬ ಬಸ್ ಡ್ರೈವರನ ಕತೆ. ಧಾರಾಳಿ, ಬಡವರ ಹತ್ತಿರ ಕಂಡಕ್ಟರನಿಗೂ ಟಿಕೆಟ್ಟು ಕೇಳಗೊಡದವನು. ಆದರೆ ಯಾರಾದರೂ ತನ್ನನ್ನು ಹಿಂದೆ ಹಾಕಿದರೆ ಸಹಿಸದವನು. ಒಂದು ದಿನ ಘಟ್ಟದ ತಿರುವಿನಲ್ಲಿ ಜೀಪೊಂದನ್ನು ಬೆನ್ನಟ್ಟಿದ. ಬಸ್ಸಿನಲ್ಲಿ ಅವನ ಮಗಳೂ ಇದ್ದಳು. ಅವನು ಉಳಿದ, ಆಮೇಲೆ ಜೀವಮಾನವಿಡೀ ಯಾವ ಗಾಡಿಯನ್ನೂ ಹತ್ತದೆ ನಡೆದೇ ಓಡಾಡಿದ. ಸಿದ್ದಾಪುರದ್ದು ಒಬ್ಬ ನಾಟಿ ವೈದ್ಯನದು. ಕೈಗುಣ ಇದ್ದವನು, ಆದರೆ ‘ಗೊತ್ತಿಲ್ಲ’ ಎಂಬ ಒಂದು ಮಾತು ಅವನ ನಾಲಿಗೆಗೆ ಬರುತ್ತಿರಲಿಲ್ಲ. ಹೆಂಡತಿಯ ಜ್ವರ ಏನೆಂದು ತಿಳಿಯದಾಗಲೂ ಬರಲಿಲ್ಲ.

ಮೂರನೆಯದು ಯಲ್ಲಾಪುರದ ಅಕ್ಕತಂಗಿಯರ ಕತೆ. ಅಕ್ಕ ನನ್ನ ದೊಡ್ಡಾಯಿ, ತಂಗಿ ನನ್ನ ಆಯಿ.

ಇಬ್ಬರೂ ಮದುವೆ ಮನೆಗಳಲ್ಲಿ ಹಸೆ ಬರೆಯುವಾಗ ಹಾಡುತ್ತಿದ್ದರು. ಗೋಡೆಯ ಮೇಲೆ ಚಿತ್ತಾರ ಮೂಡುತ್ತ ಹೋದಂತೆ ಅಕ್ಕ ಒಂದು ಸಾಲು ಹೇಳುವುದು, ತಂಗಿ ಅದನ್ನು ಎತ್ತಿಕೊಳ್ಳುವುದು. ಈ ಜೋಡಿ ಸಿಗದೆ ಮದುವೆಯ ದಿನವನ್ನೇ ಮುಂದೆ ಹಾಕಿದವರಿದ್ದರು. ತೊಂಬತ್ತರ ದಶಕದ ಆರಂಭದಲ್ಲಿ ರೇಡಿಯೋದವರು ಹಾಡುವವರನ್ನು ಹುಡುಕಿಕೊಂಡು ಬಂದರು. ಇಬ್ಬರಿಂದಲೂ ಬೇರೆ ಬೇರೆ ಹಾಡಿಸಿದರು. ತಂಗಿಯ ಸ್ವರ ಸಾಕು, ಅಕ್ಕನದು ಒರಟು ಅಂದರು. ಅಕ್ಕ ಅಂದಿನಿಂದ ತಂಗಿಯ ಜೊತೆ ಮಾತು ಬಿಟ್ಟಳು, ಹಾಡನ್ನೂ ಬಿಟ್ಟಳು.

ವರ್ಷಗಳಾದ ಮೇಲೆ ಆಯಿಗೆ ಹುಬ್ಬಳ್ಳಿಯಲ್ಲಿ ಹೊಟ್ಟೆಯ ಆಪರೇಷನ್ ಆಗಬೇಕೆಂದಾಯಿತು. ನಮ್ಮ ಮನೆ ಹೇರೂರಿನ ಹತ್ತಿರ. ಶಿರಸಿಯಿಂದ ಹುಬ್ಬಳ್ಳಿಗೆ ನೇರ ಬಸ್ಸಿದ್ದರೂ ಆಯಿ ಯಲ್ಲಾಪುರದ ಸುತ್ತುದಾರಿ ಹಿಡಿದಳು. ನಾನು ಆಗ ಕಾಲೇಜು ಮುಗಿಸಿದವಳು, ಜೊತೆಗಿದ್ದೆ. ಮಧ್ಯಾಹ್ನದ ಬಿಸಿಲು. ಆಯಿ ಅಕ್ಕನ ಮನೆಯ ಅಂಗಳದಲ್ಲಿ ನಿಂತು ಮೂರು ಸಲ “ಅಕ್ಕಾ” ಎಂದು ಕರೆದಳು. ಬಾಗಿಲು ತೆರೆದೇ ಇತ್ತು. ಒಳಗಿನಿಂದ ಒರಳು ತಿರುಗುವ ಸದ್ದು ಬರುತ್ತಿತ್ತು. ಯಾರೂ ಹೊರಗೆ ಬರಲಿಲ್ಲ. ಬನವಾಸಿಯಿಂದ ತರಿಸಿದ್ದ ಎರಡು ಅನಾನಸು ಹಣ್ಣನ್ನು ಜಗುಲಿಯ ಮೇಲಿಟ್ಟು ಆಯಿ ಬಸ್ ಸ್ಟ್ಯಾಂಡಿಗೆ ನಡೆದಳು. ಹುಬ್ಬಳ್ಳಿಯಿಂದ ಅವಳು ಜೀವಂತ ಬರಲಿಲ್ಲ.

ಇದನ್ನು ನಾನು ಬರೆದೆ. ದೊಡ್ಡಾಯಿಯ ಹತ್ತಿರ ಕೇಳಿಯೇ ಬರೆದೆ. “ಎಂತ ಬೇಕಾದ್ರೂ ಬರಿ, ಯಾರು ನೋಡ್ತ?” ಎಂದಿದ್ದಳು. ಪುಟಗಳನ್ನು ತೋರಿಸಲು ಹೋದರೆ ಕಣ್ಣಿನ ಪೊರೆಯ ನೆವ ಹೇಳಿದಳು. ಪೊರೆ ತೆಗೆಸಿದ ಮೇಲೆ ಕನ್ನಡಕದ ನೆವ ಹೇಳಿದಳು.

ಆಗ ಬಂದವಳು ಲೀಸ್‌ಬೆತ್. ಬೆಲ್ಜಿಯಂ ದೇಶದವಳು, ಹಸೆ ಚಿತ್ತಾರದ ಫೋಟೋ ತೆಗೆಯಲು ನಮ್ಮ ಕಡೆ ಬಂದಿದ್ದಳು. ಚಿತ್ತಾರ ಹುಡುಕುತ್ತ ನಮ್ಮ ಶಾಲೆಗೂ ಬಂದು, ನನ್ನ ಕಪಾಟಿನ ಪುಟಗಳನ್ನು ನೋಡಿ ಕೂತುಬಿಟ್ಟಳು. ಅವಳ ದೇಶದಲ್ಲಿ ದೊಡ್ಡವರೂ ಚಿತ್ರಕತೆ ಓದುತ್ತಾರಂತೆ, ಊರ ಗೋಡೆಗಳ ಮೇಲೆ ಬರೆಸುತ್ತಾರಂತೆ. ಆರು ತಿಂಗಳ ಮೇಲೆ ಕರೆ ಬಂತು. ಪ್ರದರ್ಶನ ಇದೆ, ಬನ್ನಿ, ಜೊತೆಗೆ ಆ ಹಾಡುಗಳನ್ನು ಹಾಡುವವರನ್ನೂ ಕರೆತನ್ನಿ. ಆ ಹಾಡುಗಳು ಪೂರ್ತಿ ಬರುತ್ತಿದ್ದದ್ದು ಉಳಿದಿದ್ದ ಒಬ್ಬಳಿಗೆ ಮಾತ್ರ. ನಾನು ಹೆದರುತ್ತಲೇ ಕೇಳಿದೆ. ದೊಡ್ಡಾಯಿ, “ಅಲ್ಲಿ ನಮ್ಮ ಪೈಕಿ ಯಾರೂ ಇರ್ತ್ವಿಲ್ಲೆ ಅಲ್ದಾ?” ಎಂದಳು. ಇಲ್ಲ ಎಂದೆ. “ಹಾಂಗಾದ್ರೆ ಬತ್ತೆ.”

ಕೊರ್ಟ್ರೈಕ್, ಶುಕ್ರವಾರ

ಊರಿನ ನಡುವೆ ಒಂದು ಸಣ್ಣ ನದಿ, ಅದರ ಸೇತುವೆಯ ಎರಡು ತುದಿಗೆ ಎರಡು ಗುಂಡನೆಯ ಗೋಪುರ. ಹಿಂದೆ ಈ ಊರಿನವರು ಅಗಸೆಯ ನಾರಿನಿಂದ ಬಟ್ಟೆ ನೇಯ್ದು ಸಿರಿವಂತರಾದರಂತೆ. ಪ್ರದರ್ಶನ ಇದ್ದದ್ದು ಅಂಥ ನಾರು ತುಂಬಿಡುತ್ತಿದ್ದ ಹಳೇ ಉಗ್ರಾಣದಲ್ಲಿ. ಇಗರ್ಜಿಯ ಗಂಟೆಗಳು ಕಾಲು ಗಂಟೆಗೊಮ್ಮೆ ಒಂದು ರಾಗವನ್ನೇ ನುಡಿಸುತ್ತವೆ. ದೊಡ್ಡಾಯಿ ಮೊದಲ ಸಲ ನಿಂತು ಕೇಳಿದಳು. ಮೂರನೆಯ ಸಲ, “ಇದಕ್ಕೆ ಬೇರೆ ಹಾಡು ಬತ್ತಿಲ್ಯಾ?” ಎಂದಳು.

ಇಳಿದುಕೊಂಡದ್ದು ಲೀಸ್‌ಬೆತ್ ಮತ್ತು ಅವಳ ಗಂಡ ಯಾನ್ ಇರುವ ಮನೆಯಲ್ಲಿ. ಅಲ್ಲಿಯ ಮನೆಗಳ ಬೀದಿಕಿಟಕಿಗೆ ಪರದೆಯಿಲ್ಲ. ಒಳಗೆ ಕೂತು ಊಟ ಮಾಡುವವರು, ಪೇಪರು ಓದುವವರು ಎಲ್ಲ ಬೀದಿಗೆ ಕಾಣುತ್ತಾರೆ. ಹಾಗೆಂದು ಯಾರೂ ಇಣುಕುವುದಿಲ್ಲ. ದೊಡ್ಡಾಯಿ ಇಣುಕಿದಳು, ಒಳಗಿನವರು ಕೈ ಬೀಸಿದರು, ಅವಳು ನಾಚಿ ನನ್ನ ಹಿಂದೆ ಅಡಗಿದಳು.

ಊರಿನಿಂದ ತೊಡದೇವು ಕಟ್ಟಿಕೊಂಡು ಹೋಗಿದ್ದೆವು. ಕಬ್ಬಿನ ಹಾಲಿಗೆ ಅಕ್ಕಿ ಹಿಟ್ಟು ಕಲಸಿ ಕಾದ ಗಡಿಗೆಯ ಬೆನ್ನಿಗೆ ಬಳಿದು ತೆಗೆಯುವ, ಕಾಗದದಷ್ಟು ತೆಳ್ಳಗಿನ ಸಿಹಿ. ಲೀಸ್‌ಬೆತ್ ಅದನ್ನು ಎರಡು ಕೈಯಲ್ಲಿ ಹಿಡಿದು ಬೆಳಕಿಗೆ ಎತ್ತಿ, “ಎಷ್ಟು ಚಂದದ ಕಾಗದ! ಇದರ ಮೇಲೆ ಮಸಿ ಹರಡುವುದಿಲ್ಲವೆ?” ಎಂದು ಕೇಳಿದಳು. ನಾನು ಕನ್ನಡದಲ್ಲಿ ಹೇಳಿದಾಗ ದೊಡ್ಡಾಯಿ ಮೊದಲ ಸಲ ನಕ್ಕಳು. ಒಂದನ್ನು ಮುರಿದು ಅವಳ ಬಾಯಿಗೇ ಇಟ್ಟಳು.

ಸಂಜೆ ಉಗ್ರಾಣಕ್ಕೆ ಕರೆದೊಯ್ದರು. ಸಂಜೆ ಎಂದು ಗಡಿಯಾರ ಹೇಳುತ್ತಿತ್ತು, ಬಿಸಿಲು ಹೇಳುತ್ತಿರಲಿಲ್ಲ. ಅಲ್ಲಿಯ ಬೇಸಿಗೆಯಲ್ಲಿ ಸೂರ್ಯ ಮುಳುಗಲು ಮನಸ್ಸು ಮಾಡುವುದೇ ಇಲ್ಲ. ಒಳಗೆ ಹೋದವಳು ನಾನೇ ಬೆಚ್ಚಿಬಿದ್ದೆ. ನನ್ನ ಅಂಗೈಯಗಲದ ಚೌಕಗಳನ್ನು ಆಳೆತ್ತರ ಹಿಗ್ಗಿಸಿ ಅಗಸೆ ಬಟ್ಟೆಯ ಮೇಲೆ ಅಚ್ಚು ಹಾಕಿಸಿ ತೊಲೆಗಳಿಂದ ಇಳಿಬಿಟ್ಟಿದ್ದರು. ಡ್ರೈವರನ ಮೀಸೆ ನನ್ನ ತೋಳಿನಷ್ಟು ಉದ್ದ. ವೈದ್ಯ ನನ್ನನ್ನೇ ನೋಡುತ್ತಿದ್ದ. ಅವರ ನಡುವೆ ದಾರಿ ಬಿಡಿಸಿಕೊಂಡು ಹೋಗುತ್ತಿದ್ದರೆ ನಮ್ಮ ಸಂತೆಯಲ್ಲೇ ಇದ್ದೇನೆ ಅನಿಸಿತು.

ಕೊನೆಯ ಸಾಲಿನಲ್ಲಿ ಅಕ್ಕತಂಗಿಯರು. ದೊಡ್ಡಾಯಿ ಕನ್ನಡಕ ಹಾಕಿಕೊಂಡಳು. ಇಬ್ಬರೂ ಹಾಡುವ ಚಿತ್ರ ನೋಡಿದಳು. ರೇಡಿಯೋದವರ ಚಿತ್ರ ನೋಡಿದಳು. ಅಂಗಳದಲ್ಲಿ ನಿಂತ ಆಯಿಯನ್ನು ನೋಡಿ, “ಕಪ್ಪು ಸೀರೆ ಅಲ್ಲ, ಹಸಿರು,” ಎಂದಳು. ಬಟ್ಟೆಯಲ್ಲಿ ಬಣ್ಣವಿಲ್ಲ, ಎಲ್ಲವೂ ಕಪ್ಪುಬಿಳಿ ಎಂದು ಹೇಳಹೊರಟವಳು ಬಾಯಿ ಮುಚ್ಚಿದೆ. ಸೀರೆ ಹಸಿರಿತ್ತೆಂದು ಒಳಗಿದ್ದ ಇವಳಿಗೆ ಹೇಗೆ ಗೊತ್ತು ಎಂಬ ಪ್ರಶ್ನೆ ನನಗೆ ಆ ಹೊತ್ತಿನಲ್ಲಿ ಹೊಳೆಯಲೇ ಇಲ್ಲ.

ಮುಂದಿನ ಚಿತ್ರದಲ್ಲಿ ಒಳಮನೆ. ಅಕ್ಕ ಒರಳಿನ ಮುಂದೆ ಬಾಗಿ ಕೂತಿದ್ದಾಳೆ. ಚೌಕದ ತುಂಬ ‘ಗುಡಗುಡ ಗುಡಗುಡ’ ಎಂಬ ಅಕ್ಷರ, ದಪ್ಪಕ್ಕೆ, ಒಂದರ ಮೇಲೊಂದು ಏರಿ. ಅಂಗಳದಿಂದ ಬಂದ ‘ಅಕ್ಕಾ’ ಎಂಬುದು ಆ ಅಕ್ಷರಗಳ ನಡುವೆ ಸಿಕ್ಕಿ ಮುರಿದು ಬಿದ್ದಿದೆ.

“ಇದು ಎಂತ ಬರದ್ದು?”

“ಒರಳಿನ ಸದ್ದು, ದೊಡ್ಡಾಯಿ.”

ಅವಳು ಆ ಅಕ್ಷರಗಳನ್ನು ಒಂದೊಂದಾಗಿ ಓದಿದಳು. ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು, ಮತ್ತೆ ಹಾಕಿಕೊಳ್ಳಲಿಲ್ಲ.

ಶನಿವಾರ

ಬೆಳಗಿನ ತಿಂಡಿಗೆ ಅವರು ತಣ್ಣನೆಯ ಬ್ರೆಡ್ಡಿನ ಮೇಲೆ ಚಾಕಲೇಟಿನ ಪುಡಿ ಉದುರಿಸಿಕೊಂಡು ತಿನ್ನುತ್ತಾರೆ. ದೊಡ್ಡಾಯಿ ನಮ್ಮ ಅವಲಕ್ಕಿಯನ್ನೂ ಮುಟ್ಟಲಿಲ್ಲ. ಉಗ್ರಾಣಕ್ಕೆ ಬಂದ ಮೇಲೂ ಒಂದು ಕಡೆ ನಿಲ್ಲಲಿಲ್ಲ. ಬಟ್ಟೆಗಳ ನಡುವೆ ಅತ್ತಿತ್ತ ತಿರುಗಿದಳು, ಬಾಗಿಲಿಗೆ ಹೋದಳು, ಬಂದಳು. ಅವಳನ್ನು ನೋಡಿ ನನಗೂ ಕಾಲು ನಿಲ್ಲದಾಯಿತು.

ಜನ ಬರತೊಡಗಿದರು. ಹೆಚ್ಚಿನವರು ಸೈಕಲ್ಲಿನಲ್ಲೇ, ಮಳೆ ಹನಿಯುತ್ತಿದ್ದರೂ. ಅಜ್ಜಿಯಂದಿರೂ ಸೈಕಲ್ಲಿನಲ್ಲಿ. ಚಿತ್ರದ ಮುಂದೆ ಮಾತಾಡದೆ ನಿಲ್ಲುತ್ತಾರೆ, ಒಂದು ಹೆಜ್ಜೆ ಸರಿಯುತ್ತಾರೆ, ಮತ್ತೆ ನಿಲ್ಲುತ್ತಾರೆ. ಒಬ್ಬ ಕೆಂಪು ಮುಖದ ಮನುಷ್ಯ ಬಸ್ ಡ್ರೈವರನ ಮುಂದೆ ಬಹಳ ಹೊತ್ತು ನಿಂತು ನನ್ನ ಹತ್ತಿರ ಬಂದ. ಹರೆಯದಲ್ಲಿ ಸೈಕಲ್ ಪಂದ್ಯಗಳಿಗೆ ಹೋಗುತ್ತಿದ್ದನಂತೆ. “ಇವನು ನಾನೇ,” ಎಂದ ಇಂಗ್ಲಿಷಿನಲ್ಲಿ. “ನನ್ನ ಹಿಂದೆ ಯಾರೂ ಕೂತಿರಲಿಲ್ಲ, ಅಷ್ಟೇ ನನ್ನ ಪುಣ್ಯ.” ನಮ್ಮ ಡ್ರೈವರ ಶಿರಸಿಯ ರಸ್ತೆಯಲ್ಲಿ ನಡೆಯುವಾಗ ಜನ ನೋಡಿಯೂ ನೋಡದಂತೆ ಹೋಗುತ್ತಿದ್ದುದು ನೆನಪಾಯಿತು. ಅವನಿಗೆ ಈ ಮಾತು ಹೇಳುವವರು ಯಾರೂ ಸಿಕ್ಕಿರಲಿಲ್ಲ.

ಮಧ್ಯಾಹ್ನ ಲೀಸ್‌ಬೆತ್ ಮರುದಿನದ ಕಾರ್ಯಕ್ರಮ ವಿವರಿಸಿದಳು. ಭಾನುವಾರ ಸಂಜೆ ಜನ ಬಟ್ಟೆಯಿಂದ ಬಟ್ಟೆಗೆ ನಡೆಯುತ್ತ ಹೋಗುವುದು, ಮೂರನೆಯ ಕತೆಗೆ ದೊಡ್ಡಾಯಿ ಹಾಡುವುದು, ಅಂಗಳದ ಚಿತ್ರ ಬಂದಾಗ ನಾನು ನಡೆದದ್ದನ್ನು ಹೇಳುವುದು. ದೊಡ್ಡಾಯಿಗೆ ಕನ್ನಡದಲ್ಲಿ ಹೇಳಿದೆ.

“ಆನು ಹಾಡ್ತ್ನಿಲ್ಲೆ,” ಎಂದಳು.

“ಎಂತಾತು? ಗಂಟಲು ಸರಿ ಇಲ್ಯಾ?”

“ಗಂಟಲು ಸರಿ ಇದ್ದು. ನೀನು ಬರದ್ದು ಸರಿ ಇಲ್ಲೆ. ಆ ಸದ್ದು ಸುಳ್ಳು.”

ನನಗೆ ಅರ್ಥವಾಗಲಿಲ್ಲ. “ದೊಡ್ಡಾಯಿ, ಆನು ಅಲ್ಲೇ ನಿಂತಿದ್ದೆ. ಎನ್ನ ಕಿವಿಗೆ ಕೇಳ್ಚು.”

“ಮೊದಲು ಕೇಳಿಕ್ಕು. ನಿನ್ನ ಆಯಿ ಒಂದು ಸಲ ಕರದ ಕೂಡಲೇ ಆನು ಒರಳು ನಿಲ್ಸಿದ್ದೆ.”

“ಎಂತಕ್ಕೆ?”

“ಕೇಳಲೆ.”

ಲೀಸ್‌ಬೆತ್ ನಮ್ಮಿಬ್ಬರ ಮುಖವನ್ನು ನೋಡಿ ಮೆಲ್ಲಗೆ ಆಚೆ ಸರಿದಳು. ದೊಡ್ಡಾಯಿ ಬಟ್ಟೆಯ ಕಡೆ ನೋಡುತ್ತಲೇ ಹೇಳಿದಳು: “ಮೂರು ಸಲ ಕರದ್ದೂ ಕೇಳ್ಚು. ಕಿಟಕಿ ಸಂದಿಂದ ಸೀರೆಯೂ ಕಂಡ್ಚು. ಆನು ಎದ್ದು ಬಂದ್ನಿಲ್ಲೆ.”

ಆಯಿ ಸತ್ತ ಮೇಲೆ ಆ ಒರಳಿನ ಸದ್ದನ್ನು ನಾನು ಎಷ್ಟು ಸಲ ನೆನೆದಿದ್ದೆ! ಅಪ್ಪಯ್ಯನಿಗೆ ಹೇಳಿದ್ದೆ, ನೆಂಟರಿಗೆ ಹೇಳಿದ್ದೆ. ಪಾಪ ಅವಳಿಗೆ ಕೇಳಿಸಲಿಲ್ಲ, ಕೇಳಿಸಿದ್ದರೆ ಬರುತ್ತಿದ್ದಳು. ಹನ್ನೆರಡನೆಯ ದಿನಕ್ಕೆ ದೊಡ್ಡಾಯಿ ನಮ್ಮ ಮನೆಗೆ ಬಂದು ಯಾರೊಡನೆಯೂ ಮಾತಾಡದೆ ಅಡಿಗೆ ಮನೆ ಸೇರಿದಾಗ ಆ ಸದ್ದಿನ ನೆನಪೊಂದೇ ನನ್ನನ್ನು ಅವಳ ಹತ್ತಿರ ಕರೆದೊಯ್ದಿತ್ತು. ಅದರ ಮೇಲೆಯೇ ನಾನು ಇಡೀ ಕತೆಯನ್ನು ಬರೆದಿದ್ದೆ.

“ಇಷ್ಟು ವರ್ಷ ಹೇಳಲೆ ಆಯ್ದಿಲ್ಯಾ?” ಎಂದೆ. ನನ್ನ ಸ್ವರ ಏರಿತ್ತು. ಚಿತ್ರ ನೋಡುತ್ತಿದ್ದವರು ತಿರುಗಿದರು. ಆ ಊರಿನಲ್ಲಿ ಹಾಗೆ ಕೂಗುವವರಿಲ್ಲ.

“ಯಾರು ಕೇಳಿದ್ದ?” ಎಂದಳು ದೊಡ್ಡಾಯಿ. “ನೀನೇ ಎಲ್ಲರ ಹತ್ರ ಸದ್ದಿತ್ತು ಹೇಳ್ಕೊಂಡು ತಿರುಗ್ದೆ.”

ನಾನು ಹೊರಗೆ ನಡೆದೆ. ಛತ್ರಿಯನ್ನೂ ತೆಗೆದುಕೊಳ್ಳಲಿಲ್ಲ. ಒಂದೇ ತರದ ಇಟ್ಟಿಗೆ ಮನೆಗಳ ಬೀದಿಗಳು, ಒಂದು ಮುಗಿದರೆ ಅಂಥದೇ ಇನ್ನೊಂದು. ಒಂದು ಗೋಡೆಯ ಬಾಗಿಲು ದಾಟಿದರೆ ಒಳಗೆ ಬಿಳೀ ಮನೆಗಳ ಸಣ್ಣ ಕೇರಿ. ಹಿಂದೆ ಮದುವೆಯಾಗದ ಹೆಂಗಸರು, ವಿಧವೆಯರು ಒಟ್ಟಿಗೆ ಇರುತ್ತಿದ್ದ ಜಾಗವಂತೆ. ಪ್ರತಿ ಮನೆಗೆ ಒಂದು ಬಾಗಿಲು, ಎಲ್ಲವೂ ಮುಚ್ಚಿದ್ದವು. ಅಲ್ಲಿಯ ಕಲ್ಲುಹಾಸಿನ ಮೇಲೆ ಎಷ್ಟು ಸುತ್ತು ಹಾಕಿದೆನೋ. ಕಣ್ಣು ಮುಚ್ಚಿ ಯಲ್ಲಾಪುರದ ಆ ಅಂಗಳವನ್ನು ನೆನೆದೆ. ಬಿಸಿಲು ಬಂತು, ಆಯಿಯ ಬೆನ್ನು ಬಂತು, ಹಣ್ಣಿನ ಚೀಲ ನನ್ನ ಬೆರಳನ್ನು ಕತ್ತರಿಸುತ್ತಿದ್ದದ್ದು ಬಂತು. ಮೊದಲ ಕರೆಯ ಮೇಲೆ ಒರಳಿನ ಸದ್ದು ಬರಲಿಲ್ಲ. ಇನ್ನೊಮ್ಮೆ ನೆನೆದೆ, ಬರಲಿಲ್ಲ. ನಿಜವಾಗಿ ಕೇಳಿದ್ದೆಷ್ಟು, ಬೇಕೆಂದು ಕೇಳಿಸಿಕೊಂಡದ್ದೆಷ್ಟು, ಈಗ ಯಾರು ಹೇಳಬೇಕು?

ದಾರಿ ತಪ್ಪಿತ್ತು. ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬನಿಗೆ ಬೀದಿಯ ಹೆಸರು ಹೇಳಿದೆ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಇಳಿದು, ಸೈಕಲ್ಲು ತಳ್ಳುತ್ತ, ಒಂದು ಮಾತೂ ಆಡದೆ ಬಾಗಿಲ ತನಕ ನನ್ನ ಜೊತೆ ಮಳೆಯಲ್ಲಿ ನಡೆದ. ನಮ್ಮೂರಿನಲ್ಲಾದರೆ ಯಾಕೆ ಅಳುತ್ತಿದ್ದೀರಿ ಎಂದು ಖಂಡಿತ ಕೇಳುತ್ತಿದ್ದರು. ಕೇಳದೇ ಇದ್ದದ್ದು ಒಳ್ಳೆಯದಾಯಿತು ಅಂತಲೂ ಅನಿಸಿತು, ಕೇಳಬಾರದಿತ್ತೇ ಅಂತಲೂ ಅನಿಸಿತು.

ಭಾನುವಾರ

ಬೆಳಿಗ್ಗೆ ಲೀಸ್‌ಬೆತ್‌ಗೆ ಎಲ್ಲವನ್ನೂ ಹೇಳಿದೆ. ಅವಳು ಕಾಫಿಯ ಲೋಟ ಕೆಳಗಿಟ್ಟು, “ಆ ಬಟ್ಟೆಯೊಂದನ್ನು ಇಳಿಸಿಬಿಡೋಣವೆ?” ಎಂದು ಕೇಳಿದಳು.

“ಬೇಡ,” ಎಂದೆ. “ಸರಿಯಾಗಿ ಬರೆಯುತ್ತೇನೆ.”

ಆದರೆ ಬರೆಯುವುದು ಯಾತರಲ್ಲಿ? ಭಾನುವಾರ ಆ ಊರಿನಲ್ಲಿ ಒಂದು ಅಂಗಡಿಯೂ ಬಾಗಿಲು ತೆಗೆಯುವುದಿಲ್ಲ. ನಮ್ಮಲ್ಲಿ ಮುಚ್ಚಿದ ಅಂಗಡಿಯ ಹಿಂಬಾಗಿಲು ತಟ್ಟಿದರೆ ಕೊಡುತ್ತಾರೆ, ಅಲ್ಲಿ ಅಂಗಡಿಯವರು ಅಂಗಡಿಯಲ್ಲಿ ವಾಸಿಸುವುದಿಲ್ಲ. ನಾನು ತಂದಿದ್ದದ್ದು ಸಣ್ಣ ಮೊನೆಯ ಪೆನ್ನುಗಳು. ಆಳೆತ್ತರದ ಬಟ್ಟೆಗೆ ಅವು ಸೊಳ್ಳೆ ಕಚ್ಚಿದಂತೆ. ಕೊನೆಗೆ ಯಾನ್ ತನ್ನ ಗ್ಯಾರೇಜಿನಿಂದ ಒಂದು ಚೀಲ ಇದ್ದಿಲು ಹೊತ್ತು ತಂದ. ಅಂಗಳದಲ್ಲಿ ಮಾಂಸ ಸುಡಲೆಂದು ತಂದಿಟ್ಟದ್ದು, ಚೀಲ ಇನ್ನೂ ಒಡೆದಿರಲಿಲ್ಲ. ನಾನು ದೊಡ್ಡಾಯಿಯ ಮುಖ ನೋಡಿದೆ.

“ಇದ್ದಿಲಿಗೆ ಎಂತ ಮೈಲಿಗೆ? ತಾ,” ಎಂದಳು.

ಯಾನ್ ಮತ್ತು ಲೀಸ್‌ಬೆತ್ ಬಟ್ಟೆಯನ್ನು ಇಳಿಸಿ ಹಿಂದುಮುಂದು ಮಾಡಿ ಕಟ್ಟಿದರು. ಹಿಂಬದಿ ಖಾಲಿ, ಅಗಸೆಯ ಮಾಸಲು ಬಣ್ಣ. ಕಪ್ಪುಹಲಗೆಯ ಮೇಲೆ ವರ್ಷಗಟ್ಟಲೆ ಬರೆದ ಕೈ ನನ್ನದು, ಅಗಲಕ್ಕೆ ಹೆದರಲಿಲ್ಲ. ಆದರೆ ಏನು ಬರೆಯಬೇಕೆಂದು ತೋಚದೆ ನಿಂತೆ. ಒರಳು ನಿಲ್ಲಿಸಿ ಕೂತವಳನ್ನು ನಾನು ನೋಡಿರಲಿಲ್ಲ.

ದೊಡ್ಡಾಯಿ ನೆಲ ಒರೆಸುವ ಬಕೆಟ್ಟನ್ನು ತಂದು ಬೋರಲು ಹಾಕಿದಳು. ಸ್ವೆಟರು ತೆಗೆದು ಬದಿಗಿಟ್ಟಳು. ಆ ತಣ್ಣನೆಯ ನೆಲದ ಮೇಲೆ ಒಂದು ಕಾಲು ಮಡಿಸಿ, ಒಂದು ಕಾಲು ಚಾಚಿ, ಒರಳಿನ ಮುಂದೆ ಕೂರುವ ಹಾಗೆ ಕೂತು, ಬಲಗೈಯನ್ನು ಬಕೆಟ್ಟಿನ ಮೇಲಿಟ್ಟಳು.

“ಬರಿ.”

ನಾನು ಬರೆಯತೊಡಗಿದೆ. ಇದ್ದಿಲು ಮುರಿಯುತ್ತಿತ್ತು, ಇನ್ನೊಂದು ಎತ್ತಿಕೊಳ್ಳುತ್ತಿದ್ದೆ. ಅವಳ ಮುಖವನ್ನು ಬಾಗಿಲ ಕಡೆ ತಿರುಗಿಸಿದೆ.

“ಹಾಂಗಲ್ಲ,” ಎಂದಳು ಕೂತಲ್ಲಿಂದಲೇ. “ಮುಖ ತಿರುಗಿಸಡ. ಆನು ಅತ್ಲಾಗೆ ನೋಡ್ದ್ನಿಲ್ಲೆ ಆಗ. ಸೀರೆ ಕಂಡದ್ದು ಅದು ತಿರುಗಿ ಹೋಪಾಗ.”

ಒರೆಸಿದೆ. ಮತ್ತೆ ಬರೆದೆ. ಈಗ ಬಟ್ಟೆಯ ಮೇಲೆ ಕೂತವಳು ತನ್ನ ಕೈಯನ್ನೇ ನೋಡುತ್ತಿದ್ದಳು. ಕತ್ತು ಗಟ್ಟಿಯಾಗಿತ್ತು. ಒಂದು ಕಿವಿ ಮಾತ್ರ, ಅಷ್ಟೂ ಮೈಯಲ್ಲಿ ಒಂದು ಕಿವಿ ಮಾತ್ರ, ಅಂಗಳಕ್ಕೆ ಹೋಗಿತ್ತು. ನಾನು ಇದ್ದಿಲನ್ನು ಇನ್ನಷ್ಟು ಒತ್ತಿ ಎಳೆದೆ. ಸಿಟ್ಟಿನಿಂದಲೋ ಇನ್ಯಾವು‌ದರಿಂದಲೋ ತಿಳಿಯದು. ನೆಲದ ಮೇಲೆ ಕೂತವಳ ಕೈಯಡಿ ಬಕೆಟ್ಟು ಸಣ್ಣಗೆ ಸದ್ದು ಮಾಡುತ್ತಿತ್ತು. ನಾನು ಹೋಗಿ ಎಬ್ಬಿಸಲಿಲ್ಲ. ಬರೆದು ಮುಗಿಸಿದೆ. ಅಕ್ಷರ ಒಂದೂ ಹಾಕಲಿಲ್ಲ, ‘ಅಕ್ಕಾ’ ಎಂಬುದನ್ನು ಬಿಟ್ಟು. ಅದನ್ನು ಮೂರು ಸಲ ಬರೆದೆ.

ಸಂಜೆ ಜನ ಬಂದರು. ದೊಡ್ಡಾಯಿ ಹಾಡಿದಳು. ಅವಳ ಸ್ವರ ಒರಟಾಗಿತ್ತು, ಹೌದು. ಆಯಿಯದರ ಹಾಗೆ ಅದು ಹಾರುವುದಿಲ್ಲ. ನೆಲದ ಮೇಲೆ ಕಾಲೂರಿ ನಡೆಯುತ್ತದೆ. ಒಂದು ಸಾಲು ಹೇಳಿ, ತಂಗಿ ಎತ್ತಿಕೊಳ್ಳಬೇಕಾದಲ್ಲಿ ನಿಲ್ಲದೆ ತಾನೇ ಎತ್ತಿಕೊಂಡಳು. ಅಂಗಳದ ಚಿತ್ರದ ಮುಂದೆ ನಾನು ನಡೆದದ್ದನ್ನು ಇಂಗ್ಲಿಷಿನಲ್ಲಿ ಹೇಳಿದೆ, ಲೀಸ್‌ಬೆತ್ ಅವರ ಭಾಷೆಯಲ್ಲಿ ಹೇಳಿದಳು. ಇದ್ದಿಲಿನ ಚಿತ್ರದ ಹತ್ತಿರ ಬಂದಾಗ ದೊಡ್ಡಾಯಿ ಹಾಡು ನಿಲ್ಲಿಸಿದಳು. ಯಾರೂ ಕೆಮ್ಮಲಿಲ್ಲ. ಅಷ್ಟರಲ್ಲಿ ಇಗರ್ಜಿಯ ಗಂಟೆಗಳು ತಮ್ಮ ರಾಗ ಶುರು ಮಾಡಿದವು. ಕೆಲವರು ಮುಜುಗರದಿಂದ ನಕ್ಕರು. ದೊಡ್ಡಾಯಿ ಅದು ಮುಗಿಯುವ ತನಕ ಕಾದಳು, ಅದಾದ ಮೇಲೂ ಒಂದಷ್ಟು ಹೊತ್ತು ಸುಮ್ಮನೆ ನಿಂತು, ಮುಂದಿನ ಬಟ್ಟೆಗೆ ನಡೆದಳು.

ಮುಗಿದ ಮೇಲೆ ಬಿಳೀ ಕೂದಲಿನ ಹೆಂಗಸೊಬ್ಬಳು ಬಂದು ಅವಳ ಎರಡೂ ಕೆನ್ನೆಗೆ ಮೂರು ಮುತ್ತು ಕೊಟ್ಟಳು. ಅಲ್ಲಿಯ ರೂಢಿ ಅದು. ದೊಡ್ಡಾಯಿ ಕಂಬದಂತೆ ನಿಂತಳು. ಆ ಹೆಂಗಸು ಏನೋ ಕೇಳಿದಳು. ಲೀಸ್‌ಬೆತ್ ಇಂಗ್ಲಿಷಿಗೆ ತಂದಳು, ನಾನು ಕನ್ನಡಕ್ಕೆ: ತಂಗಿ ಕ್ಷಮಿಸಿದಳೇ?

“ಅದನ್ನ ಕೇಳಲೆ ತಂಗಿಯೇ ಇಲ್ಲೆ,” ಎಂದಳು ದೊಡ್ಡಾಯಿ.

ಸೋಮವಾರ, ರೈಲಿನಲ್ಲಿ

ಬ್ರಸೆಲ್ಸಿಗೆ ಹಿಂತಿರುಗುವ ರೈಲಿನಲ್ಲಿ ನಮ್ಮ ಎದುರು ಒಂದು ನಾಯಿ ಮಲಗಿತ್ತು. ಹೊಲಗಳಲ್ಲಿ ದನಗಳು ಅಳತೆ ಮಾಡಿ ನಿಲ್ಲಿಸಿದಂತೆ ದೂರ ದೂರ ನಿಂತಿದ್ದವು. ನಾನು ಕಿಟಕಿಗೆ ಹಣೆಯಿಟ್ಟು ಕೂತಿದ್ದೆ. ಕೇಳಬಾರದೆಂದು ಎಷ್ಟು ಅಂದುಕೊಂಡರೂ ಬಾಯಿ ಕೇಳಲಿಲ್ಲ.

“ಕೇಳಿದ ಮೇಲೆ ಎಂತಕ್ಕೆ ಬಂದಿದ್ದಿಲ್ಲೆ?”

ದೊಡ್ಡಾಯಿ ತಡ ಮಾಡಲಿಲ್ಲ. ಈ ಪ್ರಶ್ನೆಗೆ ಅವಳಲ್ಲಿ ಉತ್ತರ ಎಂದಿನಿಂದಲೂ ಇತ್ತು ಅನಿಸಿತು. “ತಂಗಿ ಕರದ್ದು ಸೈತ ಶ್ರುತಿಲೇ ಇತ್ತು ಕೂಸೇ. ಕಾಯಿಲೆ ಬಿದ್ದು, ಬಿಸಿಲಲ್ಲಿ ನಡೆದು ಬಂದು, ‘ಅಕ್ಕಾ’ ಅಂತು, ಅದೂ ಶ್ರುತಿಲಿ. ಎಂಗೆ ಸಿಟ್ಟು ಬಂತು. ಇನ್ನೊಂದು ಸಲ ಕರಿಲಿ ನೋಡನ ಹೇಳಿ ಕೂತೆ. ಕರದ್ಚು. ಇನ್ನೊಂದು ಸಲ ಅಂದೆ. ಅದೂ ಆತು. ನಾಲ್ಕನೇದಕ್ಕೆ ಏಳ್ತಿದ್ನೇನ.”

“ನಾಲ್ಕನೇದು ಕರದ್ದಿಲ್ಲೆ.”

“ಇಲ್ಲೆ.”

ನಾಯಿ ಎದ್ದು ಮೈ ಮುರಿದು ಮತ್ತೆ ಮಲಗಿತು.

“ಅದಕ್ಕೆ ಆಪರೇಷನ್ ಹೇಳಿ ಎಂಗೆ ಗೊತ್ತಿತ್ತಿಲ್ಲೆ,” ಎಂದಳು. ತುಸು ಬಿಟ್ಟು, “ಗೊತ್ತಿದ್ರೆ ಬತ್ತಿದ್ನಾ, ಅದೂ ಹೇಳಲೆ ಬತ್ತಿಲ್ಲೆ,” ಎಂದಳು.

ಅವಳು ನನ್ನ ಕಡೆ ತಿರುಗಿ ಕೂತಳು. “ನಿಂಗೆ ಎನ್ನ ಮೇಲೆ ಸಿಟ್ಟಿದ್ದಾ?”

“ಇದ್ದು.”

“ಚೊಲೋ ಆತು,” ಎಂದಳು. ವ್ಯಂಗ್ಯವಿರಲಿಲ್ಲ ಅದರಲ್ಲಿ. “ಇಷ್ಟು ವರ್ಷ ಎಲ್ಲರೂ ಪಾಪ ಹೇಳಿದ. ಭವಾನಿಗೆ ಕೇಳಿದ್ದಿಲ್ಲೆ ಪಾಪ, ಕೇಳಿದ್ದಿಲ್ಲೆ ಪಾಪ. ಎದುರಿಗೆ ನಿಂತು ಒಬ್ಬರೂ ಬೈದಿದ್ವಿಲ್ಲೆ. ಬೈದಿದ್ರೆ ಆನೂ ತಿರುಗಿ ಎಂತಾದ್ರೂ ಹೇಳ್ತಿದ್ದೆ. ಅತ್ತಾದ್ರೂ ಮುಗಿಸ್ತಿದ್ದೆ.”

ಬೈಯಬೇಕೆಂದು ಬಾಯಿ ತೆರೆದರೆ ರೈಲಿನಲ್ಲಿ ಎಲ್ಲರೂ ಮೌನವಾಗಿ ಕೂತಿದ್ದರು. ಆ ದೇಶದಲ್ಲಿ ಜಗಳಕ್ಕೂ ಜಾಗವಿಲ್ಲ.

“ಊರಿಗೆ ಹೋದಮೇಲೆ ಮನೆಗೆ ಬಾ,” ಎಂದಳು.

ಆಯಿ ಅಂಗಳದಲ್ಲಿ ನಿಂತು ಕರೆದ ಆ ಮಧ್ಯಾಹ್ನದ ನಂತರ ನಾನು ಅವಳ ಮನೆಗೆ ಹೋಗುತ್ತಿದ್ದದ್ದು ಏನಾದರೂ ಕೆಲಸವಿದ್ದರೆ ಮಾತ್ರ. ಹೋದರೂ ಜಗುಲಿಯ ತುದಿಯಲ್ಲಿ ಕೂತು ಎದ್ದು ಬರುತ್ತಿದ್ದೆ.

“ಬತ್ನೋ ಇಲ್ಯೋ, ಈಗ ಹೇಳಲೆ ಬತ್ತಿಲ್ಲೆ ದೊಡ್ಡಾಯಿ.”

“ಅದೂ ಸರಿ,” ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ಯಲ್ಲಾಪುರ

ಪ್ರವಾಸ ಹೋದವರು ಮನೆ ಮುಟ್ಟಿದಲ್ಲಿಗೆ ಕತೆ ಮುಗಿಸುತ್ತಾರೆ. ನನಗೆ ಸಿದ್ದಾಪುರದ ಕೋಣೆಗೆ ಬಂದು ಪೆಟ್ಟಿಗೆ ಬಿಚ್ಚಿದರೂ ಮನೆ ಮುಟ್ಟಿದ ಹಾಗಾಗಲಿಲ್ಲ. ತರಗತಿಯಲ್ಲಿ ಕೈ ನಿಲ್ಲುತ್ತಿರಲಿಲ್ಲ, ಕೋಣೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಶಿರಸಿಯ ಹಳೆಯ ಡ್ರೈವರ ತೀರಿಕೊಂಡನೆಂದು ಯಾರೋ ಹೇಳಿದರು. ಅವನಿಗೆ ಆ ಕೆಂಪು ಮುಖದ ಸೈಕಲ್ಲಿನವನ ಮಾತನ್ನು ಹೇಳಬೇಕೆಂದುಕೊಂಡಿದ್ದೆ, ನಾಳೆ ನಾಡಿದ್ದು ಎಂದು ಮುಂದೆ ಹಾಕಿದ್ದೆ.

ಆ ಭಾನುವಾರ ಹೊರಟೆ. ಶಿರಸಿಯಲ್ಲಿ ಇಳಿದು ಯಲ್ಲಾಪುರದ ಬಸ್ಸಿನ ಎದುರು ನಿಂತವಳು ಹತ್ತದೆ ವಾಪಸು ಬಂದೆ. ಮುಂದಿನ ಭಾನುವಾರ ಮತ್ತೆ ಹೊರಟೆ, ಆ ಸಲ ಹತ್ತಿದೆ.

ದೊಡ್ಡಾಯಿ ಜಗುಲಿಯಲ್ಲಿ ಕೂತು ಹಲಸಿನ ಬೇಳೆ ಸುಲಿಯುತ್ತಿದ್ದಳು. ಕೊರ್ಟ್ರೈಕಿನಲ್ಲಿ ತೆಗೆದಿಟ್ಟ ಸ್ವೆಟರನ್ನು ಅಲ್ಲೇ ಮರೆತು ಬಂದಿದ್ದಳೆಂದು ಆಗಲೇ ನೆನಪಾದದ್ದು. ನನ್ನನ್ನು ನೋಡಿ ಎದ್ದಳು. ಹತ್ತಿರ ಬರಲಿಲ್ಲ, ಅಳಲಿಲ್ಲ.

“ಬಂದ್ಯಾ? ಬೈಲೆ ಬಂದ್ಯಾ, ಉಂಬಲೆ ಬಂದ್ಯಾ?”

“ಎರಡಕ್ಕೂ,” ಎಂದೆ.

“ಹಾಂಗಾದ್ರೆ ಮೊದಲು ಆಸರಿಗೆ ಕುಡಿ. ಒಣ ಗಂಟಲಲ್ಲಿ ಬೈಲೆ ಆಗ್ತಿಲ್ಲೆ,” ಎಂದು ಮಜ್ಜಿಗೆ ತರಲು ಒಳಗೆ ಹೋದಳು. ನಾನು ಚಪ್ಪಲಿ ಕಳಚಿ ಅವಳ ಹಿಂದೆಯೇ ಅಡಿಗೆ ಮನೆಗೆ ನಡೆದೆ.